ಬಾವಿಯ ಬಾಯಲ್ಲಿ ಹಾಜರಿ

ನನ್ನ ಸೋದರಮಾವ ತಮ್ಮ ನೌಕರಿಯ ಅವಧಿಯಲ್ಲಿ ಮನುಷ್ಯರೊಂದಿಗೆ ಆಡಿದ್ದಕ್ಕಿಂತ ಬಾವಿಗಳೊಂದಿಗೆ ಆಡಿದ ಮಾತೇ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನೂ ನಂಬಿರಲಿಲ್ಲ. ಆದರೆ ಅವರ ಹಿಂದೆ ಫೈಲು ಹಿಡಿದು ಕೆಲವು ವರ್ಷ ಅಲೆದ ಮೇಲೆ, ಒಂದು ಮಧ್ಯಾಹ್ನ ಒಂದು ಬಾವಿ ಅವರಿಗೆ ತಿರುಗಿ ಉತ್ತರ ಕೊಟ್ಟದ್ದನ್ನು ಈ ಎರಡು ಕಿವಿಯಾರೆ ಕೇಳಿದ ಮೇಲೆ, ನಂಬದೆ ಬೇರೆ ದಾರಿ ಉಳಿಯಲಿಲ್ಲ!

ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ಅನ್ನ ಸೇರುವುದಿಲ್ಲ. ಗ್ರಾಮಸೇವಿಕೆಯರ ತರಬೇತಿ ಕೇಂದ್ರದಲ್ಲಿ ಒಂದು ವರ್ಷ ಐದಕ್ಕೆ ಗಂಟೆ, ಐದೂ ಹತ್ತಕ್ಕೆ ಮಡಿಸಿದ ಹಾಸಿಗೆ, ಐದೂಕಾಲಿಗೆ ಅಂಗಳದಲ್ಲಿ ಸಾಲು ಎಂದು ಬೆಳೆದವಳು ನಾನು. ಇವತ್ತಿಗೂ ಐದೂ ಹತ್ತಕ್ಕೆ ನನ್ನ ಹಾಸಿಗೆ ಮಡಿಸಿರುತ್ತದೆ. ಇಂಥವಳನ್ನು ಸರ್ಕಾರ ಯಾರ ಜೊತೆ ಕೆಲಸಕ್ಕೆ ಹಾಕಿತು ನೋಡಿ!

ಮಾವ ಬ್ಲಾಕ್ ಆಫೀಸಿನಲ್ಲಿ ಓವರ್‌ಸೀಯರ್. ಎಪ್ಪತ್ತರ ದಶಕದಲ್ಲಿ ಸಣ್ಣ ರೈತರು ಹೊಲದಲ್ಲಿ ಬಾವಿ ತೋಡಿಸಿದರೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಊರವರ ಬಾಯಲ್ಲಿ ಅದು ಸಬ್ಸಿಡಿ. ಹಣ ಬರುತ್ತಿದ್ದದ್ದು ಮೂರು ಕಂತಿನಲ್ಲಿ: ಅರ್ಧ ತೋಡಿದ ಮೇಲೆ ಒಂದು, ನೀರು ಕಂಡ ಮೇಲೆ ಒಂದು, ಒಳಗೆ ಸುತ್ತಲೂ ಕಲ್ಲು ಕಟ್ಟಿದ ಮೇಲೆ ಕೊನೆಯದು. ಪ್ರತಿ ಕಂತಿಗೂ ಓವರ್‌ಸೀಯರ್ ಹೋಗಿ ಬಾವಿಯನ್ನೂ ಅದರ ಒಡೆಯನನ್ನೂ ಕಣ್ಣಾರೆ ಕಂಡು ಬರೆದುಕೊಳ್ಳಬೇಕು. ಕೊನೆಯ ಕಂತಿನ ಪತ್ರಕ್ಕೆ ಎರಡು ಸಹಿ ಬೇಕಿತ್ತು. ಚನ್ನಗಿರಿಯಲ್ಲಿ ಗ್ರಾಮಸೇವಿಕೆಯಾಗಿ ಸೇರಿದ ಮೇಲೆ ಆ ಎರಡನೆಯ ಸಹಿ ನನ್ನದಾಯಿತು.

ಅಳೆಯಲು ಮಾವನ ಬಳಿ ಟೇಪು ಇತ್ತು. ಆದರೆ ಅಳತೆ ಮುಗಿದ ಮೇಲೆ ಅವರು ಮಾಡುತ್ತಿದ್ದ ಕೆಲಸ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಚಪ್ಪಲಿ ಬಿಟ್ಟು ಬಾವಿಯ ದಂಡೆಗೆ ಹೋಗಿ, ಎರಡು ಕೈಯನ್ನೂ ಮೊಣಕಾಲ ಮೇಲೆ ಊರಿ, ಒಳಗೆ ತಲೆ ಬಗ್ಗಿಸಿ, ಪಟ್ಟಿಯಲ್ಲಿದ್ದ ಹೆಸರನ್ನು ಮೂರು ಸಲ ಕೂಗುತ್ತಿದ್ದರು. ಆಳು ಒಣಕಲು, ಕೆನ್ನೆಗಳು ಒಳಗೇ ಒಂದನ್ನೊಂದು ಮುಟ್ಟುವಂತೆ ಇಳಿದಿದ್ದವು. ದನಿ ಮಾತ್ರ ಹೊಟ್ಟೆಯ ಕೆಳಗೆ ಇನ್ನೆಲ್ಲಿಂದಲೋ ಹೊರಡುತ್ತಿತ್ತು. ಕೂಗಿದ್ದು ಕೆಳಗಿಳಿದು ನೀರನ್ನು ಮುಟ್ಟಿ, ತಣ್ಣಗಾಗಿ ಮೇಲೆ ಬರುತ್ತಿತ್ತು. ಮಾವ ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಆಮೇಲೇ ಬರೆಯುತ್ತಿದ್ದರು.

ಮೂರೇ ಸಲ ಏಕೆ ಎಂದು ಕೇಳಿದ್ದೆ. ನಮ್ಮ ಕಡೆ ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕೂಗಿಗೆ ಯಾರೂ ಓಗೊಡುವುದಿಲ್ಲ; ಕರೆದದ್ದು ಮನುಷ್ಯರೋ ಅಲ್ಲವೋ ಗೊತ್ತಾಗಬೇಕಲ್ಲ? ಮನುಷ್ಯರಾದರೆ ಮೂರನೆಯ ಸಲವೂ ಕರೆಯುತ್ತಾರೆ. ಬಾವಿಯೊಳಗೆ ಯಾವಾಗಲೂ ಕತ್ತಲೆ, ಆದ್ದರಿಂದ ಬಾವಿಗೂ ಆ ಮರ್ಯಾದೆ ಸಲ್ಲಬೇಕು ಎಂಬುದು ಮಾವನ ವಾದ. ಈ ವಾದದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತ ನಾನು ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ!

ಈ ಹುಚ್ಚು ಹಿಡಿದದ್ದು ಮೊದಲು ಅವರಿದ್ದ ಜಗಳೂರಿನಲ್ಲಂತೆ. ಅಲ್ಲಿ ನೀರು ಕಂಡ ಬಾವಿಯೆಂದರೆ ದೇವರು ಕಂಡಷ್ಟು ಸಂಭ್ರಮ. ಹೊಸದಾಗಿ ಹೋಗಿದ್ದ ಮಾವ ಒಂದೇ ತಿಂಗಳಲ್ಲಿ ನಾಲ್ಕು ಬಾವಿ ನೋಡಿ ಹಣ ಬರೆದರು. ಪ್ರತಿ ಬಾವಿಗೂ ಮಾವಿನೆಲೆಯ ತೋರಣ, ಪ್ರತಿ ಸಲವೂ ಎಳನೀರು, ಪ್ರತಿ ಸಲವೂ ಬೇರೆ ಒಡೆಯ. ಒಂದು ಸಲ ಪೂರ್ವದ ದಾರಿಯಿಂದ ಕರೆದುಕೊಂಡು ಹೋದರೆ ಇನ್ನೊಂದು ಸಲ ಜಾಲಿಗಿಡಗಳ ನಡುವೆ ಸುತ್ತಿಸಿ ಪಶ್ಚಿಮದಿಂದ. ಮೇಲಧಿಕಾರಿ ಬಂದು ನೋಡಿದಾಗ ಅಲ್ಲಿದ್ದದ್ದು ಒಂದೇ ಬಾವಿ! ಮಾವನಿಗೆ ಮೆಮೊ ಬಂತು. ಆವತ್ತು ಮುಖ ಯಾರಿಗೂ ಕಾಣದಿರಲೆಂದು ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡೇ ಮನೆಗೆ ನಡೆದರಂತೆ. ಆ ಹಾಳೆಯನ್ನು ಅವರು ಬಹಳ ಕಾಲ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ‘ನಾಲ್ಕು ಜನ ಸುಳ್ಳು ಹೇಳಿದ್ರು. ಸುಮ್ಮನಿದ್ದದ್ದು ಬಾವಿ ಒಂದೇ. ಅದನ್ನ ನಾನು ಕೇಳಬೇಕಾಗಿತ್ತು’ ಎನ್ನುತ್ತಿದ್ದರು.

ಅಂದಿನಿಂದ ಕೇಳತೊಡಗಿದರು.

ಈ ವಿದ್ಯೆ ಫಲಿಸಿದ್ದನ್ನು ನಾನು ಮೊದಲು ಕಂಡದ್ದು ನಲ್ಲೂರಿನ ಹತ್ತಿರ. ದಪ್ಪ ಮೀಸೆಯ ರೈತನೊಬ್ಬ ತನ್ನ ಬಾವಿ ಎಂದು ನಮ್ಮನ್ನು ಕರೆದುಕೊಂಡು ಹೋಗಿ, ಎದೆಯುಬ್ಬಿಸಿ ನಿಂತ. ಮಾವ ಒಳಗೆ ಬಗ್ಗಿ ಅವನ ಹೆಸರು ಕೂಗಿದರು. ಒಂದು ಸಲ, ಏನೂ ಆಗಲಿಲ್ಲ. ಎರಡನೆಯ ಸಲ, ಆತ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಮೂರನೆಯ ಕೂಗಿಗೆ ಬಾವಿಯ ಒಳಗೋಡೆಯಲ್ಲಿ ಗೂಡು ಕಟ್ಟಿದ್ದ ಕಾಡುಪಾರಿವಾಳಗಳೆಲ್ಲ ಒಟ್ಟಿಗೆ ಸಿಡಿದೆದ್ದು ಅವನ ಮುಖದ ಮುಂದೆಯೇ ಹಾರಿಹೋದವು. ಕೊನೆಯ ರೆಕ್ಕೆಯ ಸದ್ದು ಅಡಗುವುದರೊಳಗೆ ಆತ ಕೈಮುಗಿದಾಗಿತ್ತು. ಬಾವಿ ಅವನ ಅಣ್ಣನದಂತೆ, ತನ್ನದು ಇನ್ನೂ ಮೊಣಕಾಲುದ್ದವೂ ತೋಡಿಲ್ಲವಂತೆ. ‘ಬರಕೊಬ್ಯಾಡ್ರಿ ಸಾಹೇಬ್ರೆ, ಅದಕ್ಕೆ ಎಲ್ಲಾ ಗೊತ್ತೈತೆ’ ಎಂದ. ಬಾವಿಗೆ!

ಬಸವಾಪಟ್ಟಣದಲ್ಲಿ ಇನ್ನೊಂದು. ಬಾವಿ ಚೆನ್ನಾಗಿತ್ತು, ಒಡೆಯನೂ ಸಾಚಾ. ನಾನು ಸಹಿಗೆ ಪೆನ್ನು ತೆಗೆದಿದ್ದೆ. ಮಾವ ಮೂರು ಸಲ ಕೂಗಿ, ತಲೆ ಓರೆ ಮಾಡಿ, ‘ಇದಕ್ಕೊಂದು ಹಲ್ಲಿಲ್ಲ’ ಎಂದರು. ಒಡೆಯ ಕಕ್ಕಾಬಿಕ್ಕಿಯಾದ. ಆಳು ಇಳಿಸಿ ನೋಡಿದರೆ, ನೀರಿನ ಮಟ್ಟದ ಸ್ವಲ್ಪ ಮೇಲೆ ಒಂದು ಕಡೆ ಕಟ್ಟಡ ಜಾರಿ ಮೂರು ಕಲ್ಲು ಕೆಳಗೆ ಬಿದ್ದಿದ್ದವು. ಹಿಂದೆ ಮಣ್ಣು ಕುಸಿದು ಒಬ್ಬ ಮನುಷ್ಯ ಕೂರುವಷ್ಟು ಪೊಟರೆ ಆಗಿತ್ತು. ಇಳಿದ ಆಳು ಆ ಪೊಟರೆಯೊಳಗೆ ಯಾರೋ ಕೂತು ಎದ್ದುಹೋದ ಹಾಗಿದೆ ಎಂದ. ಯಾರು ಎಂದು ಮಾವ ಕೇಳಲಿಲ್ಲ, ನಾನಂತೂ ಕೇಳಲಿಲ್ಲ. ನಾವು ಆವತ್ತು ಬಸ್ಸಿಗೆ ಸ್ವಲ್ಪ ಬೇಗನೆ ಹೊರಟೆವು.

ಸುದ್ದಿ ಹರಡಲು ಎಷ್ಟು ಹೊತ್ತು? ‘ಬಾವಿ ಮಾತಾಡಿಸೋ ಸಾಹೇಬ್ರು’ ಎಂದು ಹೆಸರಾಯಿತು. ಚನ್ನಗಿರಿ ಬಸ್ಸಿನಲ್ಲಿ ಮಾವ ಕೂತರೆ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಬಸ್ಸಿನ ತುಂಬ ಜನ ಜೋತಾಡುತ್ತಿದ್ದರೂ ಆ ಸೀಟು ಖಾಲಿ! ಅಲ್ಲಿ ಆಗಲೇ ಯಾರೋ ಕೂತಿದ್ದಾರೆ ಎಂಬಂತೆ ಕಂಡಕ್ಟರು ಕೂಡ ಅದರ ಮೇಲೆ ಕೈ ಇಡುತ್ತಿರಲಿಲ್ಲ. ನಾನು ಸಾಮಾನಿನ ಚೀಲವನ್ನು ಅಲ್ಲಿಟ್ಟುಕೊಂಡು ಸುಖವಾಗಿ ಪ್ರಯಾಣ ಮಾಡುತ್ತಿದ್ದೆ.

ಮನೆಯಲ್ಲಿ ಪಾಡು ಅತ್ತೆಯದು. ಊಟಕ್ಕೆ ಕೂತ ಮೇಲೆ ಮಾವ ಮನೆಯವರ ಹೆಸರನ್ನೆಲ್ಲ ಒಂದೊಂದಾಗಿ ಕರೆಯುವರು. ಎಲ್ಲರೂ ಓಗೊಟ್ಟ ಮೇಲೆಯೇ ತುತ್ತು. ಒಮ್ಮೆ ಅತ್ತೆ ಎದುರಿಗೇ ನಿಂತು ಸಾರು ಬಡಿಸುತ್ತಿದ್ದಾಗಲೂ ಅವರ ಹೆಸರು ಕೂಗಿದರು.

‘ಎದುರಿಗೇ ನಿಂತಿದೀನಲ್ರೀ, ಕಾಣಾಕಿಲ್ವ?’

‘ಕಾಣೋದು ಬೇರೆ, ಓಗೊಡೋದು ಬೇರೆ.’

ಅತ್ತೆ ಸೌಟನ್ನು ಸಾರಿನ ಪಾತ್ರೆಯೊಳಗೆ ಬಿಟ್ಟು, ‘ನಾನು ಓಗೊಡದೇ ಇದ್ದ ದಿನ ಗೊತ್ತಾಗ್ತೈತೆ ನಿಮಗೆ’ ಎಂದರು. ಆವತ್ತು ಸಾರಿಗೆ ಉಪ್ಪಿರಲಿಲ್ಲ. ಮಾವ ತಟ್ಟೆ ಖಾಲಿ ಮಾಡಿ ಎದ್ದರು.

ಮುಂದೆ ನಮ್ಮಿಬ್ಬರಿಗೂ ಹೊನ್ನಾಳಿಗೆ ವರ್ಗವಾಯಿತು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಹೋಬಳಿ. ಅದರ ಆಚೆಯ ಒಂದು ಹಳ್ಳಿಯಲ್ಲಿ ಹಾಲೇಶಪ್ಪ ಎಂಬ ರೈತನ ಬಾವಿಗೆ ಕೊನೆಯ ಕಂತು ಬಾಕಿ ಇತ್ತು. ಮಾರ್ಚ್ ತಿಂಗಳ ಮಧ್ಯಭಾಗ. ಮೂವತ್ತೊಂದರೊಳಗೆ ಹಂಚದಿದ್ದರೆ ಆ ಹಣ ವಾಪಸು ಹೋಗುತ್ತದೆ. ಮಾವ, ನಾನು, ಟೇಪು ಹಿಡಿಯುವ ಜವಾನ, ಮೂವರೂ ನಡುಮಧ್ಯಾಹ್ನಕ್ಕೆ ಆ ಹೊಲ ತಲುಪಿದೆವು.

ಸುತ್ತ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಆದರೆ ರಾಟೆಯ ಹಗ್ಗ ಈಗ ತಾನೇ ಯಾರೋ ಕೈಬಿಟ್ಟ ಹಾಗೆ ಮೆಲ್ಲಗೆ ತೂಗುತ್ತಿತ್ತು. ದಂಡೆಯ ಮೇಲೆ ಒಂದು ಜೊತೆ ಚಪ್ಪಲಿ, ಮೂತಿ ಬಾವಿಯ ಕಡೆಗೆ. ಜವಾನ ಅದನ್ನು ನೋಡಿ ನನ್ನನ್ನು ನೋಡಿದ. ನಾನು ಗಡಿಯಾರ ನೋಡಿಕೊಂಡೆ, ಹನ್ನೆರಡೂ ಇಪ್ಪತ್ತು. ಬಾವಿ ತೋಡಿದ ಮಣ್ಣಿನದೆಂದು ಕಂಡ ಒಂದು ದಿಬ್ಬ ಪಕ್ಕದಲ್ಲೇ ಇತ್ತು. ಅದರ ಮೇಲೆ ಕೂತು ರಿಜಿಸ್ಟರು ಬಿಚ್ಚಿ, ‘ಶುರು ಮಾಡಿ ಮಾವ’ ಎಂದೆ.

ಮಾವ ಚಪ್ಪಲಿ ಬಿಟ್ಟರು. ಬಗ್ಗಿದರು. ‘ಹಾಲೇಶಪ್ಪಾ’ ಎಂದು ಕೂಗಿದರು.

ದನಿ ಕೆಳಗಿಳಿಯಿತು. ಎಂದಿನಂತೆ ಅದೇ ಹೆಸರು ಮೇಲೆ ಬರಬೇಕು. ಬಂತು. ಅದರ ಹಿಂದೆಯೇ, ಅದೇ ಆಳದಿಂದ, ಗಂಡಿನದೋ ಹೆಣ್ಣಿನದೋ ಹೇಳಲಾಗದ, ನೀರಿನಲ್ಲಿ ನೆನೆದ ಒಂದು ದನಿ ಬಂತು.

‘ಇದೀನ್ರೀ ಸಾಹೇಬ್ರೆ. ಬಾವಿ ಮುಗಿದೈತ್ರೀ. ಬರಕೊಳ್ರಿ.’

ಮೊದಲ ಕೂಗಿಗೇ!

ಜವಾನ ಟೇಪು ಕೆಳಗೆ ಹಾಕಿದ್ದನ್ನು ನಾನು ಕಂಡೆ. ಆಮೇಲೆ ಅವನನ್ನು ನಾವು ಕಂಡದ್ದು ನ್ಯಾಮತಿಯ ಹೋಟೆಲಿನಲ್ಲಿ, ಮೂರನೆಯ ಲೋಟ ಚಹಾ ಎದುರಿಗಿಟ್ಟುಕೊಂಡು ಕೂತಿದ್ದಾಗ. ನಾನು ಓಡಲಿಲ್ಲ. ಧೈರ್ಯದಿಂದಲ್ಲ, ರಿಜಿಸ್ಟರು ಮುಚ್ಚದೆ ಏಳುವ ಅಭ್ಯಾಸವಿರಲಿಲ್ಲ. ಅಷ್ಟು ವರ್ಷ ಬಾವಿಗಳನ್ನು ಮಾತಾಡಿಸಿದ ಮಾವನ ಸ್ಥಿತಿ ಇನ್ನೂ ಕಷ್ಟದ್ದು. ಉತ್ತರ ಬಂದರೆ ಮುಂದೇನು ಮಾಡಬೇಕು ಎಂದು ಅವರು ಯೋಚಿಸಿರಲೇ ಇಲ್ಲ! ಕೊನೆಗೆ, ಯಾರು ಎಂದು ಕೇಳಿದರು.

ಕೆಳಗೆ ನೀರು ಕಲಕಿದ ಸದ್ದಾಯಿತು. ಆಮೇಲೆ, ‘ನಾನೇರೀ. ಹಾಲೇಶಪ್ಪ.’

ಆಮೇಲೆ ಬಾವಿ ಸೀನಿತು.

ಮಾವನ ಅನುಭವದಲ್ಲಿ ಸೀನಿದ ಬಾವಿ ಅದೊಂದೇ. ಅವರು ಮೆಲ್ಲಗೆ ಮುಖ ಮುಂದೆ ಚಾಚಿ ಒಳಗೆ ನೋಡಿದರು. ಆಮೇಲೆ ಬೇರೆಯದೇ ದನಿಯಲ್ಲಿ, ‘ಮೇಲೆ ಬಾರವ್ವಾ, ಜೋಪಾನ’ ಎಂದರು.

ಕಟ್ಟಡದಿಂದ ಚಾಚಿದ ಮೆಟ್ಟಿಲುಕಲ್ಲುಗಳ ಮೇಲೆ ಕಾಲಿಡುತ್ತ ಒಬ್ಬ ಹೆಂಗಸು ಹತ್ತಿ ಬಂದಳು. ಮೂವತ್ತು ದಾಟಿದ ವಯಸ್ಸು. ಸೀರೆ ಮೊಣಕಾಲ ಮೇಲೆ ಕಟ್ಟಿದ್ದಳು, ಸೊಂಟದವರೆಗೆ ಒದ್ದೆ, ತುಟಿ ಚಳಿಗೆ ಕಪ್ಪಿಟ್ಟಿತ್ತು. ಹಣೆಯಲ್ಲಿ ವಿಭೂತಿ ಬಿಟ್ಟರೆ ಏನೂ ಇರಲಿಲ್ಲ. ಹಾಲೇಶಪ್ಪನ ಹೆಂಡತಿ ತಾನೆಂದು ಹೇಳಿ, ತಲೆ ತಗ್ಗಿಸಿ ನಿಂತಳು.

ಒಳಗೆ ಏಕೆ ಇಳಿದಿದ್ದೆ ಎಂದು ಮಾವ ಕೇಳಿದರು.

‘ಬಾವಿ ಮಾತಾಡಿದ್ರೆ ನೀವು ರೊಕ್ಕ ಬರಿತೀರಿ ಅಂತ ಊರಾಗೆ ಹೇಳಿದ್ರು. ಎಲ್ಡು ದಿನದಿಂದ ಇಳಿದು ಕಾಯ್ತಾ ಇದೀನ್ರೀ. ನಿನ್ನೆ ನೀವು ಬರಲಿಲ್ಲ.’

ಈಗ ಹೇಳಿ, ಇದನ್ನು ಕೇಳಿ ನಗುವುದೋ ಏನು ಮಾಡುವುದೋ? ಬಾವಿ ಮಾತಾಡುತ್ತದೆ ಎಂದು ಮಾವನೂ ನಂಬಿರಲಿಲ್ಲ, ಇವಳು ನಂಬಿದ್ದಳು. ಮಾತಾಡದೇ ಹೋದರೆ ಎಂದು ಹೆದರಿ ಅದರ ಬದಲಿಗೆ ತಾನೇ ಇಳಿದಿದ್ದಳು!

ಹಾಲೇಶಪ್ಪ ಎಲ್ಲಿ ಎಂದು ಮಾವ ಕೇಳಿದರು. ಅವಳು ನನ್ನ ಕಡೆ ನೋಡಿದಳು. ನನ್ನ ಮುಖವನ್ನಲ್ಲ, ಸ್ವಲ್ಪ ಕೆಳಗೆ. ನಾನೂ ಕೆಳಗೆ ನೋಡಿದೆ. ದಿಬ್ಬದ ಒಂದು ತುದಿಯಲ್ಲಿ ಒಣಗಿದ ಬಿಲ್ವಪತ್ರೆ ಇತ್ತು, ಮಳೆ ಕಾಣದ ವಿಭೂತಿಯ ಗುರುತು ಇತ್ತು. ಅವರ ಪೈಕಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವ ಪದ್ಧತಿ. ಹದಿನೈದು ನಿಮಿಷದಿಂದ ನಾನು ರಿಜಿಸ್ಟರು ಬಿಚ್ಚಿಕೊಂಡು ಕೂತಿದ್ದು ಫಲಾನುಭವಿಯ ಮೇಲೆಯೇ!

ಎದ್ದೆ. ಕೈಮುಗಿದೆ. ಮತ್ತೆ ಕೂರಲು ಎಲ್ಲೂ ಜಾಗ ಕಾಣಲಿಲ್ಲ.

ಹೊಟ್ಟೆನೋವೆಂದು ಶಿವಮೊಗ್ಗದ ಆಸ್ಪತ್ರೆಗೆ ಹೋದವನು ತಿರುಗಿ ಬಂದದ್ದು ಹೀಗೆ. ಎರಡು ತಿಂಗಳಾಗಿತ್ತು. ಆಗ ಕಲ್ಲುಕಟ್ಟಡ ಅರ್ಧ ಆಗಿತ್ತು, ಉಳಿದರ್ಧಕ್ಕೆ ಅವಳೇ ಕಲ್ಲು ಹೊತ್ತು ಮುಗಿಸಿದ್ದಳು. ಸಾವು ತಿಳಿದರೆ ಆಫೀಸಿನವರು ಫೈಲು ಮುಚ್ಚುತ್ತಾರೆ, ಕೊಟ್ಟ ಎರಡು ಕಂತನ್ನೂ ವಾಪಸು ಕೇಳುತ್ತಾರೆ, ಹೊಲಕ್ಕೇ ಕೈಹಾಕುತ್ತಾರೆ ಎಂದು ಯಾರೋ ಹೆದರಿಸಿದ್ದರು. ಹಾಗಾಗಿ ಸಾವನ್ನು ಎಲ್ಲೂ ಬರೆಸಿರಲಿಲ್ಲ.

ನನಗೆ ಇನ್ನೊಂದು ಅರ್ಥವಾಗಿರಲಿಲ್ಲ. ಆ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಆಡುವುದಿಲ್ಲ. ನಾನು ಮನೆಮನೆಗೆ ಹೋಗಿ ಗಂಡನ ಹೆಸರು ಕೇಳಿದರೆ ನಗುತ್ತ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ಇವಳು ಹೇಗೆ ಹೇಳಿದಳು? ಕೇಳಿಯೇಬಿಟ್ಟೆ.

‘ಹೇಳಬಾರದು ಅಂತ ಗೊತ್ತೈತ್ರೀ ಅಕ್ಕೋರೆ. ಆದ್ರೆ ಅವರ ಹೆಸರು ಹಿಡಿದು ಯಾರಾದ್ರೂ ಕರೆದ್ರೆ, ಇನ್ನ ಓಗೊಡೋರು ಯಾರ್ರೀ?’

ಮಾವ ಕೆಳಗೆ ಬಿದ್ದಿದ್ದ ಟೇಪು ಎತ್ತಿಕೊಂಡು ತಾವೇ ಬಾವಿ ಅಳೆದರು. ಆಳ ಸರಿ, ಕಟ್ಟಡ ಸರಿ. ಆಮೇಲೆ ನನ್ನ ಕೈಯಿಂದ ರಿಜಿಸ್ಟರು ತೆಗೆದುಕೊಂಡು, ಫಲಾನುಭವಿ ಹಾಜರಿದ್ದರೇ ಎಂಬ ಪ್ರಶ್ನೆಯ ಮುಂದೆ ‘ಇದ್ದರು’ ಎಂದು ಬರೆದರು. ನನ್ನ ತರಬೇತಿಯೆಲ್ಲ ಒಮ್ಮೆಲೇ ಎದ್ದು ನಿಂತಿತು. ಇದು ಸುಳ್ಳು ದಾಖಲೆ, ನಾನು ಸಹಿ ಹಾಕುವುದಿಲ್ಲ ಎಂದೆ.

‘ಎಲ್ಲಿ ಸುಳ್ಳು? ಇಲ್ಲೇ ಇದಾನೆ. ನೀನೇ ಮೇಲೆ ಕೂತಿದ್ದೆ.’

ನಾನು ಪೆನ್ನನ್ನು ಚೀಲಕ್ಕೆ ಹಾಕಿದೆ. ಮಾವ ದಿಬ್ಬದ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದರು. ಆಮೇಲೆ ಬರೆದದ್ದನ್ನು ತಾವೇ ಅಡ್ಡಗೆರೆ ಎಳೆದು ಹೊಡೆದರು. ‘ನೀನು ಹೇಳಿದ್ದೇ ಸರಿ. ಇವತ್ತು ಸತ್ತವನ ಹೆಬ್ಬೆಟ್ಟು ಅಂತ ಇವಳ ಹೆಬ್ಬೆಟ್ಟು ಒತ್ತಿಸಿದ್ರೆ, ಈ ಹೊಲದಾಗೆ ಇವಳಿಗೆ ಯಾವತ್ತೂ ಹೆಸರಿರಲ್ಲ.’

ಹೆಸರಿರಬೇಕಾದರೆ ಸಾವನ್ನು ದಾಖಲೆ ಮಾಡಿಸಿ, ಹೊಲವನ್ನು ವಾರಸುದಾರಳ ಹೆಸರಿಗೆ ಬದಲಾಯಿಸಿ, ಆ ಕಾಗದವನ್ನು ನಮ್ಮ ಆಫೀಸಿಗೆ ತಂದು ಮಂಜೂರಾತಿಯಲ್ಲೂ ಹೆಸರು ತಿದ್ದಿಸಬೇಕು. ಸಾಮಾನ್ಯವಾಗಿ ಒಂದು ವರ್ಷದ ಕೆಲಸ. ನಮಗಿದ್ದದ್ದು ಹದಿನಾರು ದಿನ. ತಪ್ಪಿದರೆ ಹಣ ವಾಪಸು, ಫೈಲು ಬಂದ್. ಅವಳನ್ನು ಹೆದರಿಸಿದವರ ಮಾತು ಆಗ ನಿಜವೇ ಆಗಿಬಿಡಬಹುದಿತ್ತು.

ಅವಳ ಹೆಸರೇನೆಂದು ಮಾವ ಕೇಳಿದರು. ಸ್ವಲ್ಪ ತಡೆದು, ರುದ್ರಮ್ಮ ಎಂದಳು.

ಗ್ರಾಮ ಲೆಕ್ಕಿಗರು ಒಳ್ಳೆಯವರು, ನಾಲ್ಕು ದಿನದಲ್ಲಿ ವರದಿ ಕೊಟ್ಟರು. ಅದು ತಾಲ್ಲೂಕು ಕಚೇರಿಯ ಒಂದು ಬೀರುವಿನೊಳಗೆ ಹೋಗಿ ಮಲಗಿತು. ಬೀರುವಿನ ಗುಮಾಸ್ತರು ದಿನಕ್ಕೊಂದು ಸಲ ‘ನೋಡೋಣ’ ಎನ್ನುತ್ತಿದ್ದರು. ನಾನು ಬೆಳಗ್ಗೆ ಹತ್ತೂವರೆಗೆ ಸರಿಯಾಗಿ ಹೋಗಿ ನಿಲ್ಲುವುದು, ಅವರು ನೋಡೋಣ ಎನ್ನುವುದು, ನಾನು ತಿರುಗಿ ಬರುವುದು. ಆರು ದಿನ ಹೀಗೆಯೇ ಕಳೆಯಿತು.

ಏಳನೆಯ ದಿನ ಮಾವ ಜೊತೆಗೆ ಬಂದರು. ನಮಸ್ಕಾರ ಹೇಳಲಿಲ್ಲ, ಕೂರಲಿಲ್ಲ. ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು, ಸೀದಾ ಹೋಗಿ ಬೀರುವಿನ ಎರಡೂ ಬಾಗಿಲು ತೆರೆದರು. ಕೈಗಳನ್ನು ಮೊಣಕಾಲ ಮೇಲೆ ಊರಿ, ಫೈಲುಗಳ ನಡುವಿನ ಕತ್ತಲೆಗೆ ತಲೆ ಹಾಕಿ, ಆ ದನಿಯಲ್ಲಿ ಸತ್ತವನ ಹೆಸರು ಕೂಗಿದರು. ಕಚೇರಿಯ ತುಂಬ ಪೆನ್ನುಗಳು ನಿಂತವು. ಎರಡನೆಯ ಸಲ ಕೂಗಿದರು. ಟೈಪಿಸ್ಟ್ ಎದ್ದು ಕಿಟಕಿಯ ಹತ್ತಿರ ಹೋದ. ಮೂರನೆಯ ಕೂಗು ಅಡಗಿದ ಮೇಲೆ, ಬೀರುವಿನ ಕೆಳಗಿನ ಖಾನೆಯೊಳಗಿಂದ ಹಲ್ಲಿಯೊಂದು ಲೊಚಗುಟ್ಟಿತು.

ಗುಮಾಸ್ತರು ಕುರ್ಚಿ ಬಿಟ್ಟು ಎದ್ದರು. ‘ಕೂತ್ಕೊಳ್ರಿ ಸಾಹೇಬ್ರೆ, ಈಗ್ಲೇ ತೆಗಿತೀನಿ’ ಎಂದರು. ಫೈಲು ಆ ಖಾನೆಯಲ್ಲೇ ಇತ್ತು! ಅದೇ ಸಂಜೆ ಸಹಿಯಾಗಿ ಹೊರಬಂತು. ಮಂಜೂರಾತಿಗೆ ಸಹಿ ಮಾಡಬೇಕಾದ ನಮ್ಮ ಬ್ಲಾಕ್ ಆಫೀಸಿನ ಬಿ.ಡಿ.ಓ. ಸಾಹೇಬರಿಗೆ ಈ ಸುದ್ದಿ ನಮಗಿಂತ ಮೊದಲೇ ತಲುಪಿರಬೇಕು. ಮಾವ ಕೋಣೆಯೊಳಗೆ ಕಾಲಿಟ್ಟ ಕೂಡಲೇ, ಕೇಳುವ ಮೊದಲೇ ಪೆನ್ನಿನ ಮುಚ್ಚಳ ತೆಗೆದರು.

ಮಾರ್ಚ್ ಮೂವತ್ತೊಂದರಂದು ಹೊನ್ನಾಳಿಯ ಆಫೀಸಿನ ಜಗುಲಿಯಲ್ಲಿ ಹಣ ಹಂಚಿಕೆ. ಮೇಜು ಹಾಕಿಕೊಂಡು ಕ್ಯಾಷಿಯರು ಪಟ್ಟಿ ಹಿಡಿದು ಕೂಗುತ್ತಿದ್ದರು. ಹೆಸರು ಬಂದವರು ‘ಇದೀನ್ರೀ’ ಎಂದು ಎದ್ದು ಹೋಗಿ ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಳ್ಳುತ್ತಿದ್ದರು. ರುದ್ರಮ್ಮ ಬೆಳಗಿನ ಮೊದಲ ಬಸ್ಸಿಗೇ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಮೇಜಿನ ಪಕ್ಕದಲ್ಲಿ ಮಸಿಯ ಪ್ಯಾಡು ಹಿಡಿದು ಕೂತಿದ್ದೆ.

‘ರುದ್ರಮ್ಮ’ ಎಂದು ಕರೆದರು ಕ್ಯಾಷಿಯರು. ಯಾರೂ ಏಳಲಿಲ್ಲ. ಮತ್ತೊಮ್ಮೆ ಕರೆದರು. ಅವಳು ಕಂಬಕ್ಕೆ ಒರಗಿಯೇ ಇದ್ದಳು, ಕಣ್ಣು ಪಟ್ಟಿಯ ಮೇಲೆ, ಕಿವಿಗೊಟ್ಟು ಕಾಯುತ್ತ. ಏನಾಗಿದೆ ಎಂದು ನನಗೆ ಆಗ ಹೊಳೆಯಿತು. ಅವಳು ಇನ್ನೊಂದು ಹೆಸರಿಗೆ ಕಾಯುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಆ ಊರಿನಲ್ಲಿ ಅವಳು ಹಾಲೇಶಪ್ಪನ ಹೆಂಡತಿ, ಹಾಲೇಶಪ್ಪನ ಮನೆಯಾಕೆ. ಹತ್ತಾರು ವರ್ಷಗಳಿಂದ ರುದ್ರಮ್ಮ ಎಂದು ಅವಳನ್ನು ಯಾರೂ ಕರೆದಿರಲಿಲ್ಲ.

ಕ್ಯಾಷಿಯರು ಗೈರುಹಾಜರಿಯ ಗುರುತು ಹಾಕಲು ಪೆನ್ನು ಎತ್ತಿದರು. ಮಾವ ಜನರ ನಡುವೆ ದಾರಿ ಮಾಡಿಕೊಂಡು ಅವಳ ಬಳಿ ಹೋದರು. ಆ ದನಿಯಲ್ಲಿ ಕೂಗುತ್ತಾರೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಅವರು ತಲೆ ಬಗ್ಗಿಸಿ, ನಿದ್ದೆ ಹೋದ ಕೂಸನ್ನು ಎಬ್ಬಿಸುವವರ ಹಾಗೆ ಮೆತ್ತಗೆ, ‘ರುದ್ರಮ್ಮಾ, ನಿನ್ನನ್ನೇ ಕರೀತಿರೋದು’ ಎಂದರು.

ಅವಳು ಬೆಚ್ಚಿ ಒಮ್ಮೆ ಹಿಂದೆ ತಿರುಗಿ ನೋಡಿದಳು, ಅಲ್ಲಿ ಇನ್ಯಾರೋ ಇದ್ದಾರೇನೋ ಎಂಬಂತೆ. ಆಮೇಲೆ ಸೆರಗು ಎಳೆದುಕೊಂಡು, ‘ಇದೀನ್ರೀ’ ಎಂದಳು. ಬಾವಿಯೊಳಗಿಂದ ಬಂದದ್ದಕ್ಕಿಂತ ಎಷ್ಟೋ ಸಣ್ಣ ದನಿ. ಕ್ಯಾಷಿಯರಿಗೆ ಕೇಳಿಸಲಿಲ್ಲ, ಯಾರು ಎಂದು ತಲೆ ಎತ್ತಿದರು. ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

‘ನಾನ್ರೀ. ರುದ್ರಮ್ಮ. ಇದೀನಿ.’

ಈ ಸಲ ಜಗುಲಿಯ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ನೋಡದಿದ್ದವರು ಮಾವ ಒಬ್ಬರೇ. ಅವರು ನಮಗೆಲ್ಲ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ, ಜಗುಲಿಯ ನೆರಳಿನಲ್ಲೇ ಕೊಡೆ ಬಿಚ್ಚುತ್ತಿದ್ದರು.